ಪ್ಯಾಕೆಟ್ ಉಪಗ್ರಹದ ಪ್ರೋಟೋಕಾಲ್: ಪ್ರತಿ ಫ್ರೇಮಿಗೂ ‘ಸಿಕ್ಕಿತು’ ಅಂತ ಹೇಳಲೇಬೇಕಾ?

ಗದ್ದೆಬಯಲು ರೇಡಿಯೊ, ಮಂಡ್ಯ
ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದಲ್ಲಿ ಎಲೆಕ್ಟ್ರಾನಿಕ್ಸ್ ಬಿ.ಇ. ಕೊನೆಯ ವರ್ಷದಲ್ಲಿದ್ದೇನೆ. ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಬಂದು ಎಂಟು ತಿಂಗಳಾಯಿತು, ರಿಸ್ಟ್ರಿಕ್ಟೆಡ್ ಗ್ರೇಡ್. ನಾವು ನಾಲ್ಕು ಜನ ಹುಡುಗಿಯರು ಸೇರಿ ಒಂದು ಪ್ರಾಜೆಕ್ಟ್ ತಗೊಂಡಿದ್ದೇವೆ. ಚಿಕ್ಕ ಉಪಗ್ರಹವೊಂದು ನೆಲದಿಂದ ಬಂದ ಸಂದೇಶವನ್ನೋ ಚಿತ್ರವನ್ನೋ ತನ್ನ ಮೆಮೊರಿಯಲ್ಲಿ ಇಟ್ಟುಕೊಳ್ಳಬೇಕು. ಇನ್ನೊಂದು ಊರಿನ ಮೇಲೆ ಹೋದಾಗ ಅಲ್ಲಿನವರಿಗೆ ಇಳಿಸಬೇಕು. ಹಾರುವ ಅಂಚೆಪೆಟ್ಟಿಗೆ ಅಂದುಕೊಳ್ಳಿ. ಉಪಗ್ರಹ ಕಟ್ಟುವುದು ನಮ್ಮ ಕೈಲಾಗದ ಕೆಲಸ. ಆದರೆ ಅದರ ಮಾತುಕತೆಯ ನಿಯಮ, ಅಂದರೆ ಪ್ರೋಟೋಕಾಲ್, ಪೂರ್ತಿ ಬರೆದು ಓಡಿಸಿ ತೋರಿಸಬೇಕು ಅಂತ ಆಸೆ.

ಪರೀಕ್ಷೆ ಮಾಡಿದ್ದು ಹೀಗೆ. ಎರಡು ಲ್ಯಾಪ್‌ಟಾಪ್, ಎರಡರಲ್ಲೂ ಡೈರ್‌ವುಲ್ಫ್, ಅಂದರೆ ಮಾಹಿತಿಯನ್ನು ಸದ್ದು ಮಾಡಿ ಕಳಿಸಿ, ಬಂದ ಸದ್ದನ್ನು ಮತ್ತೆ ಮಾಹಿತಿ ಮಾಡುವ ಪ್ರೋಗ್ರಾಂ. ನಡುವೆ ಆಡಿಯೊ ಕೇಬಲ್. ಒಂದು ಲ್ಯಾಪ್‌ಟಾಪ್ ಉಪಗ್ರಹ, ಇನ್ನೊಂದು ನೆಲದ ಕೇಂದ್ರ. ವೇಗ ಸೆಕೆಂಡಿಗೆ 1200 ಬಿಟ್. ಹ್ಯಾಮ್‌ಗಳ ಪ್ಯಾಕೆಟ್ ಪ್ರೋಟೋಕಾಲ್ ಆದ ಎಎಕ್ಸ್.25ರ ಕನೆಕ್ಟೆಡ್ ಮೋಡ್ (ಇಬ್ಬರ ನಡುವೆ ಸಂಪರ್ಕ ಕಟ್ಟಿಕೊಂಡು ಮಾತಾಡುವುದು). ಫ್ರೇಮಿಗೆ, ಅಂದರೆ ಮಾಹಿತಿಯ ಒಂದು ಕಂತಿಗೆ, 256 ಬೈಟ್. ಒಂದು ಫ್ರೇಮ್ ಕಳಿಸಿ, ಅದಕ್ಕೆ ಉತ್ತರ ಬಂದ ಮೇಲೆ ಮುಂದಿನದು. ಕೇಬಲ್ ಮೇಲೆ ಸುಮ್ನೆ ಕಳಿಸಿದರೆ ಎಲ್ಲ ಸರಿ. ಆಮೇಲೆ ಇನ್ನೊಂದು ಫೋನಿನಿಂದ ಬರೀ ಗುಸುಗುಸು ಸದ್ದು ಬೆರೆಸಿದೆವು. ಸರಿಸುಮಾರು ಅರ್ಧ ಫ್ರೇಮ್ ಕೆಡುವಷ್ಟು.

ಉಪಗ್ರಹ ನಮ್ಮ ತಲೆ ಮೇಲೆ ಇರುವುದು ಹತ್ತು ನಿಮಿಷ ಅಂತ ಇಟ್ಟುಕೊಂಡೆವು. 1200 ಬಿಟ್ ಲೆಕ್ಕದಲ್ಲಿ ಹತ್ತು ನಿಮಿಷಕ್ಕೆ 90 ಕೆಬಿ ಆಗಬೇಕು. ಅರ್ಧ ಕೆಟ್ಟರೂ 45 ಬರಬೇಕಲ್ವಾ? ನಮಗೆ ಬಂದದ್ದು 15 ಕೆಬಿ. ನಾಲ್ಕು ಸಲ ಮಾಡಿದೆವು. 14, 16, 15, 15. ನಾವು ಇಳಿಸಬೇಕು ಅಂತ ಇಟ್ಟುಕೊಂಡ ಚಿತ್ರವೇ 30 ಕೆಬಿ ಇದೆ.

ನನ್ನ ಪ್ರಶ್ನೆಗಳು: ಉಳಿದ ಹೊತ್ತೆಲ್ಲ ಎಲ್ಲಿಗೆ ಹೋಗುತ್ತಿದೆ? ಪ್ರತಿ ಫ್ರೇಮಿಗೂ ಉತ್ತರ ಕೇಳದೆ ಇದ್ದರೆ, ಸಿಗದೆ ಹೋದದ್ದು ಉಪಗ್ರಹಕ್ಕೆ ಗೊತ್ತಾಗುವುದು ಹೇಗೆ? ಮತ್ತೆ, ಒಂದೇ ಹೊತ್ತಿಗೆ ಹತ್ತು ಜನ ಉಪಗ್ರಹವನ್ನು ಕೇಳಿದರೆ ಏನು ಮಾಡುವುದು?

ಗೊತ್ತಿರುವವರು ದಯವಿಟ್ಟು ಹೇಳಿ. ಲೆಕ್ಕದ ಸಮೇತ ಹೇಳಿದರೆ ಇನ್ನೂ ಒಳ್ಳೆಯದು.

---

ಸರಸ್ವತಿಪುರಂ ಸೋಲ್ಡರ್, ಮೈಸೂರು
ಭಾನುವಾರ ಬೆಳಿಗ್ಗೆ 6:15

ನಿಮ್ಮ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ನಾನು ಈ ಊರಲ್ಲಿ ಮೂವತ್ತು ವರ್ಷ ರೇಡಿಯೊ, ಟಿ.ವಿ. ರಿಪೇರಿ ಅಂಗಡಿ ಇಟ್ಟಿದ್ದವನು. 1990ರ ದಶಕದಲ್ಲಿ ಇದೇ ಕೆಲಸಕ್ಕೆ ಮನೆ ತಾರಸಿ ಮೇಲೆ ಎಷ್ಟೋ ಬೆಳಗಿನ ಜಾವ ಕಳೆದಿದ್ದೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ನಿಮ್ಮ 15 ಕೆಬಿ. 256 ಬೈಟ್ ಮಾಹಿತಿಗೆ ವಿಳಾಸ, ಕಂಟ್ರೋಲ್, ಸಿಆರ್‌ಸಿ (ತಪ್ಪು ಹಿಡಿಯುವ ಲೆಕ್ಕ), ಎರಡೂ ತುದಿಯ ಗುರುತಾದ ಫ್ಲ್ಯಾಗ್ ಎಲ್ಲ ಸೇರಿ ಇನ್ನೊಂದು 20 ಬೈಟ್. ಒಟ್ಟು 276. ಅದು 1200ರಲ್ಲಿ ಹೋಗಲು 1.84 ಸೆಕೆಂಡ್ ಬೇಕು. ಅದಕ್ಕೂ ಮುಂಚೆ ಟಿಎಕ್ಸ್ ಡಿಲೇ (ಮಾಹಿತಿ ಶುರುವಾಗುವ ಮುಂಚಿನ ತಡ) ಇದೆ, ಡೈರ್‌ವುಲ್ಫ್‌ನಲ್ಲಿ ನೀವು ಮುಟ್ಟದೆ ಬಿಟ್ಟಿದ್ದರೆ 0.3 ಸೆಕೆಂಡ್. ಆ ಕಡೆಯಿಂದ ಉತ್ತರ ಬರಲು ಮತ್ತೆ 0.3, ಉತ್ತರದ ಫ್ರೇಮಿಗೆ 0.13. ಎಲ್ಲ ಸರಿಯಾಗಿ ನಡೆದರೂ ಒಂದು ಫ್ರೇಮಿಗೆ 2.6 ಸೆಕೆಂಡ್ ಆಯಿತು. ಇನ್ನು ಫ್ರೇಮ್ ಕೆಟ್ಟಿತು ಅನ್ನಿ. ಕಳಿಸಿದ್ದು ಎರಡು ಸೆಕೆಂಡ್, ಉತ್ತರಕ್ಕೆ ಕಾದದ್ದು ಮೂರು, ‘ಇದ್ದೀಯಾ?’ ಅಂತ ಕೇಳಿ ‘ಇದ್ದೀನಿ’ ಅನ್ನಿಸಿಕೊಂಡದ್ದು ಇನ್ನೊಂದು. ಸುಮಾರು ಆರು ಸೆಕೆಂಡ್. ಅರ್ಧ ಫ್ರೇಮ್ ಕೆಡುವ ಕಡೆ, ಸಿಕ್ಕಿದ ಪ್ರತಿ ಫ್ರೇಮಿಗೂ ಕೆಟ್ಟ ಫ್ರೇಮ್ ಒಂದರ ದಂಡ ಸೇರುತ್ತದೆ. ಹತ್ತು ನಿಮಿಷಕ್ಕೆ 60, 70 ಫ್ರೇಮ್. ಅದೇ ನಿಮ್ಮ 15 ಕೆಬಿ. ನೀವು ಅಳೆದದ್ದು ಸರಿಯಾಗೇ ಇದೆ. ಹೊತ್ತು ಹೋಗಿರುವುದು ಮಾಹಿತಿಗಲ್ಲ, ಕಾಯುವುದಕ್ಕೆ.

ಒಂದರ ಬದಲು ಏಳು ಫ್ರೇಮ್ ಒಟ್ಟಿಗೆ ಕಳಿಸಿ ಆಮೇಲೆ ಉತ್ತರ ಕೇಳಬಹುದು. ಅಷ್ಟಕ್ಕೆ ಮಾತ್ರ ಸಾಮಾನ್ಯ ಎಎಕ್ಸ್.25ರಲ್ಲಿ ಅವಕಾಶ, ಯಾಕೆಂದರೆ ಫ್ರೇಮಿನ ನಂಬರ್ 0ಯಿಂದ 7ರ ತನಕ ಮಾತ್ರ. ಆದರೆ ಎರಡನೆಯದು ಕೆಟ್ಟರೆ ಮೂರರಿಂದ ಏಳರ ತನಕ ಸರಿಯಾಗಿ ಬಂದದ್ದನ್ನೂ ನೆಲದ ಕಡೆ ಎಸೆದು, ಮತ್ತೆ ಎರಡರಿಂದ ಕಳಿಸಿ ಅನ್ನುತ್ತದೆ. ಉಪಗ್ರಹದಂಥ ಕಡೆ ಇದು ಬಹಳ ದುಬಾರಿ. ಈ ಪ್ರೋಟೋಕಾಲ್ ಹುಟ್ಟಿದ್ದೇ ದೂರವಾಣಿ ತಂತಿಗೆ ಮಾಡಿದ ಎಕ್ಸ್.25ರಿಂದ. ತಂತಿಯ ಆ ತುದಿಯಲ್ಲಿ ಒಬ್ಬರೇ ಇರುತ್ತಾರೆ, ನಾಳೆಯೂ ಅಲ್ಲೇ ಇರುತ್ತಾರೆ. ಉಪಗ್ರಹ ಹಾಗಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ, ಅದೇ ಮುಖ್ಯವಾದದ್ದು. ಸಿಗದೆ ಹೋದದ್ದು ಉಪಗ್ರಹಕ್ಕೆ ಗೊತ್ತಾಗಬೇಕಾಗಿಯೇ ಇಲ್ಲ. ನೆಲದವರಿಗೆ ಗೊತ್ತಾದರೆ ಸಾಕು.

1990ರ ಜನವರಿ 22ರಂದು ಒಂದೇ ಏರಿಯಾನ್ ರಾಕೆಟ್‌ನಲ್ಲಿ ಕೆಲವು ಹ್ಯಾಮ್ ಉಪಗ್ರಹಗಳು ಹೋದವು. ಯುಒ-14, ಎಒ-16, ಎಲ್‌ಒ-19 ಅದರಲ್ಲಿದ್ದವು. ಇವುಗಳಿಗೆ ಜೆಫ್ ವಾರ್ಡ್ ಮತ್ತು ಹೆರಾಲ್ಡ್ ಪ್ರೈಸ್ ಸೇರಿ ಬರೆದದ್ದು ಪ್ಯಾಕ್‌ಸ್ಯಾಟ್ ಪ್ರೋಟೋಕಾಲ್. ಅದರ ಬ್ರಾಡ್‌ಕಾಸ್ಟ್ ಭಾಗವನ್ನು ನೀವು ನಾಲ್ಕು ಜನ ಕೂತು ಓದಲೇಬೇಕು. ಕನೆಕ್ಷನ್ ಅನ್ನುವುದೇ ಅದರಲ್ಲಿಲ್ಲ. ಉಪಗ್ರಹ ಯುಐ ಫ್ರೇಮ್, ಅಂದರೆ ಉತ್ತರ ಕೇಳದ ಫ್ರೇಮ್, ಕಳಿಸುತ್ತಾ ಹೋಗುತ್ತದೆ. ವಿಳಾಸದ ಜಾಗದಲ್ಲಿ ಕ್ಯುಎಸ್‌ಟಿ, ಅಂದರೆ ಎಲ್ಲ ಹ್ಯಾಮ್‌ಗಳಿಗೆ. ಪ್ರತಿ ಫ್ರೇಮಿನ ತಲೆಯಲ್ಲಿ ಎರಡು ಮುಖ್ಯ ವಿಷಯ: ಇದು ಯಾವ ಫೈಲಿನದು, ಆ ಫೈಲಿನಲ್ಲಿ ಎಷ್ಟನೇ ಬೈಟಿನಿಂದ ಶುರು. ಫೈಲ್ ನಂಬರಿಗೆ 4 ಬೈಟ್, ಜಾಗಕ್ಕೆ 3 ಬೈಟ್. ಅಷ್ಟೇ. ಯಾವ ಫ್ರೇಮ್ ಯಾವಾಗ ಸಿಕ್ಕರೂ ಅದನ್ನು ಎಲ್ಲಿ ಕೂರಿಸಬೇಕು ಅನ್ನುವುದು ಆ ಫ್ರೇಮಿನಲ್ಲೇ ಇದೆ. ಹಿಂದಿನದು ಸಿಕ್ಕಿರಲಿ ಬಿಟ್ಟಿರಲಿ, ಇದು ವ್ಯರ್ಥ ಆಗುವುದಿಲ್ಲ.

ನೆಲದ ಕಡೆ ಪ್ರೋಗ್ರಾಂ ಸಿಕ್ಕಿದ್ದನ್ನೆಲ್ಲ ಫೈಲಿನಲ್ಲಿ ಅದರದರ ಜಾಗಕ್ಕೆ ಬರೆಯುತ್ತದೆ. ಬಿಟ್ಟುಹೋದ ಜಾಗಗಳ ಪಟ್ಟಿ ಇಟ್ಟುಕೊಳ್ಳುತ್ತದೆ. ಹೋಲ್ ಲಿಸ್ಟ್ ಅಂತ ಕರೆಯುತ್ತಿದ್ದೆವು. ಕೊನೆಗೆ ಒಂದೇ ಒಂದು ಫ್ರೇಮ್ ಮೇಲೆ ಕಳಿಸುತ್ತದೆ: ಈ ಫೈಲಿನಲ್ಲಿ ಇಲ್ಲಿಂದ ಇಷ್ಟು, ಅಲ್ಲಿಂದ ಅಷ್ಟು ಬೇಕು. ಉಪಗ್ರಹ ಅಷ್ಟನ್ನೇ ಮತ್ತೆ ಕಳಿಸುತ್ತದೆ.

ಇದು ಬರೀ ಹೊತ್ತು ಉಳಿಸುವ ಉಪಾಯವಲ್ಲ. ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ.

ಕೆಒ-23 ಅಂತ ಒಂದು ಉಪಗ್ರಹ ಇತ್ತು. ಕೊರಿಯಾದ ಮೊದಲ ಉಪಗ್ರಹ, 1992ರ ಆಗಸ್ಟ್ 10ರಂದು ಹೋದದ್ದು. ಸುಮಾರು 1,300 ಕಿ.ಮೀ. ಎತ್ತರ, ಹಾಗಾಗಿ ತಲೆ ಮೇಲೆ ಬಂದರೆ ಇಪ್ಪತ್ತು ನಿಮಿಷ ಸಿಗುತ್ತಿತ್ತು. ಅದರಲ್ಲಿ ಭೂಮಿಯ ಫೋಟೊ ತೆಗೆಯುವ ಕ್ಯಾಮೆರಾ ಇತ್ತು. ವೇಗ 9600. ಆ ವೇಗಕ್ಕೆ ಸ್ಪೀಕರ್ ಕಡೆಯ ಸದ್ದು ಆಗುವುದಿಲ್ಲ, ಅಲ್ಲಿಗೆ ಬರುವಷ್ಟರಲ್ಲಿ ಫಿಲ್ಟರ್‌ಗಳು ಬಿಟ್‌ಗಳ ಅಂಚನ್ನು ಸವೆಸಿರುತ್ತವೆ. ರಿಸೀವರಿನ ಬೆನ್ನು ಬಿಚ್ಚಿ, ಡಿಸ್ಕ್ರಿಮಿನೇಟರ್ (ತರಂಗದಿಂದ ಸದ್ದು ಬಿಡಿಸುವ) ಐಸಿಯ ಕಾಲಿನಿಂದ ನೇರವಾಗಿ ಶೀಲ್ಡ್ ತಂತಿ ಎಳೆದು ಮೋಡೆಮ್‌ಗೆ ಕೊಟ್ಟೆ. ಆ ಬೆಸುಗೆ ಹಾಕುವಾಗ ಕೈ ನಡುಗಿತ್ತು, ರೇಡಿಯೊ ಸಾಲ ಮಾಡಿ ತಂದದ್ದು.

ಒಂದು ಬೆಳಿಗ್ಗೆ ನನ್ನ ಟ್ರಾನ್ಸ್‌ಮಿಟರ್ ಕೆಟ್ಟಿತ್ತು. ಏನನ್ನೂ ಕೇಳುವ ಹಾಗಿಲ್ಲ, ಬರೀ ಕಿವಿ ಕೊಟ್ಟು ಕೂರುವುದು. ಹೆಂಡತಿ ತಾರಸಿಯಲ್ಲಿ ಆಂಟೆನಾ ತಿರುಗಿಸುತ್ತಿದ್ದಳು, ನಾನು ಕೆಳಗಿನಿಂದ ‘ಇನ್ನೂ ತೆಂಕಕ್ಕೆ, ಇನ್ನೂ ಸ್ವಲ್ಪ’ ಅಂತ ಕೂಗುತ್ತಿದ್ದೆ. ಎಲ್ಲೋ ದೂರದ ಯಾರೋ ಹ್ಯಾಮ್ ಒಂದು ಚಿತ್ರ ಕೇಳಿದ್ದರು. ಉಪಗ್ರಹ ಅವರಿಗಾಗಿ ಕಳಿಸುತ್ತಿತ್ತು. ಡಾಸ್ ಪರದೆಯ ಮೇಲೆ ಆ ಫೈಲಿನ ನಂಬರ್ ಎದುರು ಹೋಲ್‌ಗಳ ಲೆಕ್ಕ ಒಂದೊಂದೇ ಇಳಿಯುತ್ತಾ ಬಂತು. ನಾನು ಕೇಳದೆಯೇ. ಪಾಸ್ (ಉಪಗ್ರಹ ನಮ್ಮ ಮೇಲೆ ಒಂದು ಸಲ ಹಾದುಹೋಗುವುದು) ಮುಗಿಯುವ ಹೊತ್ತಿಗೆ ಬರೀ ಮೂರು ತುಂಡು ಬಾಕಿ. ಸಂಜೆಯ ಪಾಸಿನಲ್ಲಿ ಇನ್ನೊಬ್ಬರು ಅದೇ ಚಿತ್ರ ಕೇಳಿದರು, ಆ ಮೂರೂ ತುಂಬಿದವು. ಕಡಲ ದಡದ ಕಪ್ಪು ಬಿಳುಪು ಚಿತ್ರ, ಒಂದು ಮೂಲೆಯಲ್ಲಿ ಮೋಡ. ಅದನ್ನು ಕಳಿಸಿ ಅಂತ ನಾನು ಒಂದು ಬಿಟ್ ಕೂಡ ಮೇಲೆ ಕಳಿಸಿರಲಿಲ್ಲ.

ಕನೆಕ್ಟೆಡ್ ಮೋಡ್‌ನಲ್ಲಿ ಹತ್ತು ಜನಕ್ಕೆ ಒಂದೇ ಚಿತ್ರ ಬೇಕಿದ್ದರೆ ಹತ್ತು ಸಲ ಕಳಿಸಬೇಕು. ಇದರಲ್ಲಿ ಒಂದು ಸಲ, ಮತ್ತೆ ಅವರವರು ಬಿಟ್ಟದ್ದು ಚೂರುಪಾರು. ಅದಕ್ಕೇ ಹೇಳುತ್ತೇನೆ, ಪ್ರೋಟೋಕಾಲ್ ಬರೆಯುವಾಗ ಮೇಲೆ ಒಂದು ಯಂತ್ರ, ಕೆಳಗೆ ಒಬ್ಬರು ಅಂತ ಯೋಚಿಸಬೇಡಿ. ಮೇಲೆ ಒಂದು, ಕೆಳಗೆ ಒಂದು ಊರು ಅಂತ ಯೋಚಿಸಿ.

ಕೇಳಿ ಅಭ್ಯಾಸ ಮಾಡಲು: ಅಂತರಿಕ್ಷ ನಿಲ್ದಾಣದ ಪ್ಯಾಕೆಟ್ 145.825 ಮೆಗಾಹರ್ಟ್ಸ್‌ನಲ್ಲಿ ಕೇಳುತ್ತದೆ, ಅದೂ 1200 ವೇಗವೇ. ಆಂಟೆನಾಗೆ ತಲಾ 49 ಸೆಂ.ಮೀ. ಉದ್ದದ ಎರಡು ಅಲ್ಯೂಮಿನಿಯಂ ಕಡ್ಡಿಯನ್ನು ‘ವಿ’ ಆಕಾರಕ್ಕೆ ಕಟ್ಟಿದರೂ ಸಾಕು. ಇಂಡೊನೇಷ್ಯಾದ ಐಒ-86 ಗೊತ್ತಾ? 2015ರ ಸೆಪ್ಟೆಂಬರ್ 28ರಂದು ನಮ್ಮ ಪಿಎಸ್‌ಎಲ್‌ವಿಯಲ್ಲೇ ಆಸ್ಟ್ರೋಸ್ಯಾಟ್ ಜೊತೆ ಹೋದದ್ದು. ಭೂಮಧ್ಯರೇಖೆಗೆ ಬರೀ 6 ಡಿಗ್ರಿ ಓರೆಯಾಗಿ, 650 ಕಿ.ಮೀ. ಎತ್ತರದಲ್ಲಿ ಸುತ್ತುತ್ತದೆ. ಮೈಸೂರು, ಮಂಡ್ಯ ಇರುವುದು 12 ಡಿಗ್ರಿ ಚಿಲ್ಲರೆಯಲ್ಲಿ. ಹಾಗಾಗಿ ಅದು ಪ್ರತಿ ಸುತ್ತಿನಲ್ಲೂ, ಸುಮಾರು ಒಂದೂ ಮುಕ್ಕಾಲು ಗಂಟೆಗೊಮ್ಮೆ, ನಮ್ಮ ದಿಗಂತದ ಮೇಲೆ ಬರುತ್ತದೆ. ದೆಹಲಿಯವರಿಗೆ ಆ ಭಾಗ್ಯ ಇಲ್ಲ. ಇಂಥ ಕಕ್ಷೆ ಇಟ್ಟುಕೊಂಡು ನಿಮ್ಮ ಅಂಚೆಪೆಟ್ಟಿಗೆಯ ಲೆಕ್ಕ ಹಾಕಿ ನೋಡಿ, ಕಾಯುವ ಹೊತ್ತು ಎಷ್ಟು ಕಮ್ಮಿಯಾಗುತ್ತದೆ ಅಂತ.

---

ಗಂಗೋತ್ರಿ ಲ್ಯಾಬ್, ಮೈಸೂರು
ಭಾನುವಾರ ಮಧ್ಯಾಹ್ನ 12:30

ಸೋಲ್ಡರ್ ಸರ್ ಹೇಳಿದ್ದಕ್ಕೆ ನನ್ನದೊಂದು ಸೇರ್ಪಡೆ. ನಾನು ಕಮ್ಯುನಿಕೇಷನ್ ಲ್ಯಾಬ್ ತಗೊಳ್ಳುವವಳು, ಪ್ರತಿ ವರ್ಷ ಮಕ್ಕಳು ಇಲ್ಲೇ ಎಡವುತ್ತಾರೆ. ಬಿಟ್ಟದ್ದನ್ನು ಮತ್ತೆ ಕೇಳುವುದು ಒಂದು ಕೆಲಸ. ಬಿಡದ ಹಾಗೆ ಮಾಡುವುದು ಇನ್ನೊಂದು. ಎರಡೂ ಬೇಕು.

ಎಎಕ್ಸ್.25ರಲ್ಲಿ ತಪ್ಪನ್ನು ಕಂಡುಹಿಡಿಯಲು 16 ಬಿಟ್ ಸಿಆರ್‌ಸಿ ಇದೆ. ತಪ್ಪನ್ನು ತಿದ್ದಲು ಏನೂ ಇಲ್ಲ. ಎರಡು ಸಾವಿರ ಬಿಟ್‌ನಲ್ಲಿ ಒಂದು ಬಿಟ್ ಕೆಟ್ಟರೂ ಇಡೀ ಫ್ರೇಮ್ ಕಸದ ಬುಟ್ಟಿಗೆ. ನಿಮ್ಮ ಫ್ರೇಮಿನಲ್ಲಿ ಫ್ಲ್ಯಾಗ್ ಬಿಟ್ಟು ಸುಮಾರು 2,200 ಬಿಟ್ ಇದೆ. ಸಾವಿರ ಬಿಟ್‌ಗೆ ಒಂದು ಕೆಡುವ ಹಾದಿಯಲ್ಲಿ ಅಂಥ ನೂರು ಫ್ರೇಮ್ ಕಳಿಸಿದರೆ 11 ಸಿಗುತ್ತವೆ. ಮಾಹಿತಿಯನ್ನು 64 ಬೈಟ್‌ಗೆ ಇಳಿಸಿದರೆ ನೂರಕ್ಕೆ 52 ಸಿಗುತ್ತವೆ. ಹತ್ತು ಸಾವಿರಕ್ಕೆ ಒಂದು ಕೆಡುವ ಹಾದಿಯಾದರೆ ದೊಡ್ಡ ಫ್ರೇಮೇ ನೂರಕ್ಕೆ 80 ಸಿಗುತ್ತದೆ, ಆಗ ಚಿಕ್ಕದು ಮಾಡಿ ವಿಳಾಸಕ್ಕೆ ಬೈಟ್ ಸುರಿಯುವುದು ನಷ್ಟ. ನಿಮ್ಮ ಕೇಬಲ್‌ನಲ್ಲಿ ಅರ್ಧ ಹೋಗಿದೆ ಅಂದರೆ ಹತ್ತು ಸಾವಿರಕ್ಕೆ ಮೂರು ಕೆಡುತ್ತಿವೆ ಅಂತ ಅರ್ಥ. ಬರೀ ಮೂರು! ಅಷ್ಟು ಚಿಕ್ಕ ತಪ್ಪಿಗೆ ಅರ್ಧ ಮಾಹಿತಿ ಕಳೆದುಕೊಳ್ಳುವುದು ನನಗೆ ಸಹಿಸಲು ಆಗುವುದಿಲ್ಲ.

ಅದಕ್ಕೆ ಎಫ್‌ಎಕ್ಸ್.25 ಹಾಕಿ ನೋಡಿ. ಡೈರ್‌ವುಲ್ಫ್‌ನಲ್ಲೇ ಇದೆ. ಇದ್ದ ಎಎಕ್ಸ್.25 ಫ್ರೇಮನ್ನು ಹಾಗೇ ಒಳಗೆ ಇಟ್ಟು, ಮುಂದೆ 64 ಬಿಟ್ ಗುರುತು, ಹಿಂದೆ ತಪ್ಪು ತಿದ್ದುವ ರೀಡ್-ಸಾಲೊಮನ್ ಬೈಟ್‌ಗಳನ್ನು ಸೇರಿಸುತ್ತದೆ. 255 ಬೈಟ್‌ನಲ್ಲಿ 32 ಅದಕ್ಕೆ ಕೊಟ್ಟರೆ, ಎಲ್ಲೇ 16 ಬೈಟ್ ಕೆಟ್ಟಿದ್ದರೂ ತಿದ್ದುತ್ತದೆ. ಇದರ ಚಂದ ಏನೆಂದರೆ, ಹಳೇ ಟಿಎನ್‌ಸಿ (ಪ್ಯಾಕೆಟ್ ಮೋಡೆಮ್ ಪೆಟ್ಟಿಗೆ) ಇರುವವರೂ ಒಳಗಿನ ಫ್ರೇಮನ್ನು ಎಂದಿನ ಹಾಗೆ ಓದಬಹುದು. ಯಾರನ್ನೂ ಹೊರಗೆ ಇಟ್ಟ ಹಾಗಾಗುವುದಿಲ್ಲ. ಹ್ಯಾಮ್ ಕೆಲಸದಲ್ಲಿ ಅದು ದೊಡ್ಡ ವಿಷಯ. ಆದರೆ ಒಂದು ಎಚ್ಚರ, 256 ಬೈಟ್ ಮಾಹಿತಿ ಅದರಲ್ಲಿ ಹಿಡಿಸುವುದಿಲ್ಲ. 180ಕ್ಕೆ ಇಳಿಸಿ.

ಇನ್ನೊಂದು. ನೀವು ಬೆರೆಸಿದ್ದು ಒಂದೇ ಸಮನಾದ ಸದ್ದು. ನಿಜವಾದ ಚಿಕ್ಕ ಉಪಗ್ರಹ ತಿರುಗುತ್ತಾ ಹೋಗುತ್ತದೆ. ಅದರ ಆಂಟೆನಾ ನಮ್ಮ ಕಡೆಗೆ ಒಂದು ಕ್ಷಣ ಸರಿಯಾಗಿರುತ್ತದೆ, ಇನ್ನೊಂದು ಕ್ಷಣ ತುದಿ ತೋರಿಸುತ್ತದೆ. ದನಿ ಏಳುತ್ತದೆ, ಮುಳುಗುತ್ತದೆ. ಒಂದು ಸೆಕೆಂಡ್ ಮುಳುಗಿದರೆ 1200ರಲ್ಲಿ 150 ಬೈಟ್ ಒಟ್ಟಿಗೆ ಹೋಯಿತು, 16 ಬೈಟ್ ತಿದ್ದುವ ಕೋಡ್ ಏನು ಮಾಡೀತು? ಎಒ-40 ಉಪಗ್ರಹಕ್ಕಾಗಿ ಫಿಲ್ ಕಾರ್ನ್ ಮಾಡಿದ ಕೋಡ್ ಇದಕ್ಕೇ ಇರುವುದು. 2013ರ ನವೆಂಬರ್ 21ರಂದು ಹೋದ ಫನ್‌ಕ್ಯೂಬ್-1 ಅದನ್ನೇ ಬಳಸಿತು. 256 ಬೈಟನ್ನು ಎರಡು ಬಗೆಯ ಕೋಡ್‌ನಲ್ಲಿ ಸುತ್ತಿ, ಬಿಟ್‌ಗಳನ್ನು ಕಲಸಿ, ನಾಲ್ಕು ಸೆಕೆಂಡಿಗೂ ಹೆಚ್ಚು ಹೊತ್ತು ಹರಡಿ ಕಳಿಸುತ್ತದೆ. ನಡುವೆ ಒಂದು ಕಡೆ ಬಿದ್ದ ಪೆಟ್ಟು, ಮತ್ತೆ ಜೋಡಿಸಿದಾಗ ಅಲ್ಲೊಂದು ಇಲ್ಲೊಂದು ತಪ್ಪಾಗಿ ಚದುರುತ್ತದೆ. ಚದುರಿದ್ದನ್ನು ತಿದ್ದುವುದು ಸುಲಭ.

9600ಕ್ಕೆ ಹೋಗುವ ಯೋಚನೆ ಇದ್ದರೆ ಇದನ್ನೂ ನೆನಪಿಡಿ. ಅಲ್ಲಿ ಬಳಸುವ ಜಿ3ಆರ್‌ಯುಎಚ್ ಮೋಡೆಮ್‌ನ ಸ್ಕ್ರಾಂಬ್ಲರ್ (ಬಿಟ್‌ಗಳನ್ನು ಬೆರೆಸಿ ಕಳಿಸುವ ಭಾಗ), ಹಾದಿಯಲ್ಲಿ ಕೆಟ್ಟ ಒಂದು ಬಿಟ್ಟನ್ನು ಬಿಡಿಸುವಾಗ ಮೂರು ಮಾಡುತ್ತದೆ. ಎಎಕ್ಸ್.25ಕ್ಕೆ ಒಂದೂ ಒಂದೇ, ಮೂರೂ ಒಂದೇ, ಫ್ರೇಮ್ ಹೇಗೂ ಹೋಗುತ್ತದೆ. ಆದರೆ ತಿದ್ದುವ ಕೋಡ್ ಸೇರಿಸುವಾಗ ಈ ಸ್ಕ್ರಾಂಬ್ಲರನ್ನು ಎಲ್ಲಿ ಇಡುತ್ತೀರಿ ಅನ್ನುವುದು ಮುಖ್ಯವಾಗುತ್ತದೆ.

ನಿಮ್ಮ ಮುಂದಿನ ಪರೀಕ್ಷೆಯಲ್ಲಿ ಸದ್ದಿನ ಜೊತೆಗೆ, ಹತ್ತು ಸೆಕೆಂಡಿಗೊಮ್ಮೆ ಒಂದು ಸೆಕೆಂಡ್ ದನಿ ಪೂರ್ತಿ ತಗ್ಗಿಸಿ. ಆಗ ನಿಜ ಗೊತ್ತಾಗುತ್ತದೆ.

---

ಕುಂತಿಬೆಟ್ಟ 145, ಪಾಂಡವಪುರ
ಭಾನುವಾರ ಸಂಜೆ 7:05

ಮೂರನೇ ಪ್ರಶ್ನೆ ಯಾರೂ ಪೂರ್ತಿ ಮುಟ್ಟಿಲ್ಲ, ನಾನು ಹೇಳುತ್ತೇನೆ. ನಾನು ಅಂತರಿಕ್ಷ ನಿಲ್ದಾಣದ ಮೂಲಕ ಪ್ಯಾಕೆಟ್ ಕಳಿಸುವುದನ್ನು ಮೂರು ವರ್ಷದಿಂದ ಮಾಡುತ್ತಿದ್ದೇನೆ. ಕೇಳುವುದು ಸುಲಭ. ಮೇಲೆ ತಲುಪಿಸುವುದೇ ಕಷ್ಟ.

ನೆಲದ ಪ್ಯಾಕೆಟ್‌ನಲ್ಲಿ ‘ಯಾರೂ ಮಾತಾಡುತ್ತಿಲ್ಲ ಅಂದರೆ ನೀನು ಮಾತಾಡು’ ಅನ್ನುವ ನಿಯಮ ಸಾಕು. ಉಪಗ್ರಹಕ್ಕೆ ಅದು ನಡೆಯುವುದಿಲ್ಲ. 500 ಕಿ.ಮೀ. ಎತ್ತರದಲ್ಲಿ ಅದು ಪಾಂಡವಪುರದ ನೆತ್ತಿಯ ಮೇಲಿದ್ದಾಗ ಸುತ್ತ 2,400 ಕಿ.ಮೀ. ತನಕ ಎಲ್ಲರೂ ಅದಕ್ಕೆ ಕೇಳಿಸುತ್ತಾರೆ. ದೆಹಲಿ, ಕೊಲಂಬೊ, ಮಾಲ್ಡೀವ್ಸ್ ಎಲ್ಲ. ನನಗೆ ದೆಹಲಿಯವರು ಕೇಳಿಸುವುದಿಲ್ಲ, ಅವರಿಗೆ ನಾನು ಕೇಳಿಸುವುದಿಲ್ಲ. ಇಬ್ಬರಿಗೂ ಚಾನೆಲ್ ಖಾಲಿ ಅನ್ನಿಸುತ್ತದೆ, ಇಬ್ಬರೂ ಕಳಿಸುವ ಗುಂಡಿ ಒತ್ತುತ್ತೇವೆ. ಮೇಲೆ ಎರಡೂ ಕೆಡುತ್ತದೆ.

ಹೀಗೆ ಎಲ್ಲರೂ ತೋಚಿದಾಗ ಕಳಿಸುವ ಪದ್ಧತಿಗೆ ಅಲೋಹಾ ಅಂತ ಹೆಸರು, 1970ರ ಸುಮಾರಿಗೆ ಹವಾಯಿಯಲ್ಲಿ ಶುರುವಾದದ್ದು. ಅದರ ಲೆಕ್ಕದ ಪ್ರಕಾರ ಎಷ್ಟೇ ಚೆನ್ನಾಗಿ ನಡೆದರೂ ಚಾನೆಲ್‌ನ ಹೊತ್ತಿನಲ್ಲಿ ನೂರಕ್ಕೆ 18 ಭಾಗ ಮಾತ್ರ ಉಪಯೋಗಕ್ಕೆ ಬರುತ್ತದೆ. ಅದಕ್ಕೇ ಎಒ-16ರಲ್ಲಿ ಕೆಳಕ್ಕೆ ಒಂದು ದಾರಿ ಇಟ್ಟು, ಮೇಲಕ್ಕೆ ನಾಲ್ಕು ರಿಸೀವರ್ ಇಟ್ಟಿದ್ದರು. ಉಪಗ್ರಹ ಗಡಿಯಾರದ ಗುರುತು ಕಳಿಸಿ, ಎಲ್ಲರೂ ಆ ಗುರುತಿಗೆ ಸರಿಯಾಗಿ ಶುರುಮಾಡಿದರೆ 18 ಹೋಗಿ 36 ಆಗುತ್ತದೆ. ಈಗ ಜಿಪಿಎಸ್ ಇರುವ ಕಾಲದಲ್ಲಿ ಇದು ಕಷ್ಟವಲ್ಲ, ನಿಮ್ಮ ಪ್ರೋಟೋಕಾಲ್‌ಗೆ ಖಂಡಿತ ಸೇರಿಸಿ.

ಮೇಲೆ ಕಳಿಸುವುದು ಆದಷ್ಟು ಕಡಿಮೆ ಇರಲಿ, ಚಿಕ್ಕದಿರಲಿ. ಈ ಕಾರಣಕ್ಕೂ ಹೋಲ್ ಲಿಸ್ಟ್ ಒಳ್ಳೆಯದು. ಪ್ಯಾಕ್‌ಸ್ಯಾಟ್‌ನಲ್ಲಿ ಉಪಗ್ರಹ ‘ನನ್ನ ಸಾಲಿನಲ್ಲಿ ಇವರೆಲ್ಲ ಇದ್ದಾರೆ’ ಅಂತ ಕಾಲ್‌ಸೈನ್‌ಗಳನ್ನು (ಹ್ಯಾಮ್‌ಗಳ ಗುರುತಿನ ಹೆಸರು) ಆಗಾಗ ಕಳಿಸುತ್ತಿತ್ತು. ನಿಮ್ಮ ಕಾಲ್‌ಸೈನ್ ಕಂಡರೆ ಮತ್ತೆ ಒತ್ತುವ ಕೆಲಸ ಇಲ್ಲ. ಇದನ್ನು ಬಿಡಬೇಡಿ. ಇದಿಲ್ಲದಿದ್ದರೆ ಜನ ಗಾಬರಿಯಲ್ಲಿ ಒತ್ತುತ್ತಲೇ ಇರುತ್ತಾರೆ.

ಕೊನೆಯದು. ಹ್ಯಾಮ್ ಬ್ಯಾಂಡ್‌ನಲ್ಲಿ ಅರ್ಥ ಮುಚ್ಚಿಡುವ ಗುಪ್ತಭಾಷೆ ಬಳಸುವ ಹಾಗಿಲ್ಲ, ಅದು ಅಂತಾರಾಷ್ಟ್ರೀಯ ನಿಯಮ. ಉಪಗ್ರಹವನ್ನು ನಿಯಂತ್ರಿಸುವ ಆದೇಶಗಳಿಗೆ ಮಾತ್ರ ವಿನಾಯಿತಿ. ಆ ಆದೇಶಕ್ಕೂ ಪೂರ್ತಿ ಗುಟ್ಟು ಬೇಕಾಗಿಲ್ಲ. ಎಲ್ಲರಿಗೂ ಓದಲು ಬರುವ ಹಾಗೆ ಕಳಿಸಿ, ಕೊನೆಗೆ ನಿಮ್ಮ ತಂಡಕ್ಕೆ ಮಾತ್ರ ಮಾಡಲು ಬರುವ ಸಹಿ ಸೇರಿಸಿ. ಸಹಿಯೊಳಗೆ ಏರುತ್ತಾ ಹೋಗುವ ಒಂದು ನಂಬರ್ ಇರಲಿ. ಇಲ್ಲದಿದ್ದರೆ ಯಾರಾದರೂ ನಿಮ್ಮ ಹಳೇ ಆದೇಶವನ್ನು ರೆಕಾರ್ಡ್ ಮಾಡಿ ಮತ್ತೆ ಹಾಕಿದರೆ ಉಪಗ್ರಹ ನಂಬಿಬಿಡುತ್ತದೆ.

ಪುಣೆಯ ಇಂಜಿನಿಯರಿಂಗ್ ಕಾಲೇಜಿನವರ ಸ್ವಯಂ ಉಪಗ್ರಹದ ಬಗ್ಗೆಯೂ ಓದಿ. 2016ರ ಜೂನ್ 22ರಂದು ಹೋದದ್ದು, ಒಂದು ಕೆ.ಜಿ.ಗಿಂತ ಕಡಿಮೆ ತೂಕ. ಅವರ ಗುರಿಯೂ ನಿಮ್ಮ ಹಾಗೇ ಸಂದೇಶ ದಾಟಿಸುವುದು. ಕಟ್ಟಿದವರು ಓದುವ ಮಕ್ಕಳೇ. ಕೈಲಾಗದು ಅಂತ ಹೇಳಬೇಡಿ.

---

ಗದ್ದೆಬಯಲು ರೇಡಿಯೊ, ಮಂಡ್ಯ
ಮುಂದಿನ ಶುಕ್ರವಾರ ರಾತ್ರಿ 11:20

ಸೋಲ್ಡರ್ ಸರ್, ಮೇಡಂ, ಕುಂತಿಬೆಟ್ಟ ಅಣ್ಣ, ಮೂವರಿಗೂ ತುಂಬಾ ಥ್ಯಾಂಕ್ಸ್. ಐದು ರಾತ್ರಿ ಕೂತು ಮತ್ತೆ ಬರೆದೆವು.

ಮೊದಲು ಎಫ್‌ಎಕ್ಸ್.25 ಇಲ್ಲದೆ, ಯುಐ ಫ್ರೇಮ್ ಮತ್ತು ಹೋಲ್ ಲಿಸ್ಟ್ ಮಾತ್ರ. ಅದೇ ಸದ್ದು, ಅರ್ಧ ಫ್ರೇಮ್ ಹೋಗುತ್ತಿದೆ. 30 ಕೆಬಿ ಚಿತ್ರ ಪೂರ್ತಿ ಇಳಿಯಲು ಎಂಟು ನಿಮಿಷ ಹತ್ತು ಸೆಕೆಂಡ್! ಮೊದಲ ಸುತ್ತಿನಲ್ಲಿ 128 ಫ್ರೇಮ್ ಕಳಿಸಿದ್ದರಲ್ಲಿ 61 ಬಾಕಿ. ಆಮೇಲೆ 30, 16, 7, 4, 1. ಕೊನೆಯ ಒಂದು ಫ್ರೇಮ್ ಎರಡು ಸಲ ಕೆಟ್ಟಿತು, ನಾವು ನಾಲ್ಕು ಜನ ಉಸಿರು ಬಿಗಿ ಹಿಡಿದು ಕೂತಿದ್ದೆವು. ಮೂರನೇ ಸಲ ಬಂತು.

ಆಮೇಲೆ ಎಫ್‌ಎಕ್ಸ್.25 ಹಾಕಿ, ಮಾಹಿತಿ 180 ಬೈಟ್‌ಗೆ ಇಳಿಸಿದೆವು. ಫ್ರೇಮ್‌ಗಳ ಸಂಖ್ಯೆ 171ಕ್ಕೆ ಏರಿತು. ಆದರೆ ಬರೀ ಸದ್ದಿಗೆ ಒಂದೂ ಹೋಗಲಿಲ್ಲ, ಐದು ನಿಮಿಷಕ್ಕೆ ಮುಗಿಯಿತು. ಮೇಡಂ ಹೇಳಿದ ಹಾಗೆ ಹತ್ತು ಸೆಕೆಂಡಿಗೊಮ್ಮೆ ದನಿ ಮುಳುಗಿಸಿದಾಗ ನಾಲ್ಕರಲ್ಲಿ ಒಂದು ಫ್ರೇಮ್ ಹೋಯಿತು, ಆರು ನಿಮಿಷ ಮುಕ್ಕಾಲು ಆಯಿತು. ತಿದ್ದುವ ಕೋಡ್ ಇದ್ದರೂ ಹೋಲ್ ಲಿಸ್ಟ್ ಬೇಕೇ ಬೇಕು ಅನ್ನುವುದು ಅವತ್ತು ಅರ್ಥವಾಯಿತು.

ಇದನ್ನು ಅಪ್ಪನಿಗೆ ವಿವರಿಸಲು ಹೋದೆ. ನಮ್ಮದು ಕಬ್ಬಿನ ಗದ್ದೆ, ವಿ.ಸಿ. ನಾಲೆಯ ನೀರು. ಕಟ್ಟು ಪದ್ಧತಿಯಲ್ಲಿ ಇಷ್ಟು ದಿನ ಬಿಟ್ಟು ಇಷ್ಟು ದಿನ ನಿಲ್ಲಿಸುತ್ತಾರೆ. ಅಪ್ಪ ಅರ್ಧ ಕೇಳಿ ಹೇಳಿದರು: “ಅದೇನು ಹೊಸದು ಕಣವ್ವ? ನೀರು ಬಂದ ದಿನ ಒಂದೊಂದು ಸಾಲಿಗೂ ‘ಹಾಯ್ತಾ’ ಅಂತ ಕೇಳ್ಕೊಂಡು ನಿಂತರೆ ನೀರು ಹೊರಟೇ ಹೋಗುತ್ತೆ. ಸುಮ್ನೆ ಹಾಯಿಸಬೇಕು. ಆಮೇಲೆ ಗದ್ದೆ ಸುತ್ತಿ, ಒಣಗಿರೋ ಸಾಲು ಯಾವುದು ನೋಡ್ಕೊಂಡು, ಅದಕ್ಕೆ ಮಾತ್ರ ಮಡವೆ ಕಡಿಯೋದು.” ನಾನು ಐದು ದಿನ ತಲೆ ಕೆಡಿಸಿಕೊಂಡದ್ದು ಅವರು ದಿನಾ ಮಾಡುವ ಕೆಲಸ.

ಈಗ ಒಂದೇ ಒಂದು ಅನುಮಾನ ಉಳಿದಿದೆ. ಪಾಸ್ ಮುಗಿಯುವಾಗ ಫೈಲ್ ಅರ್ಧ ಆಗಿದ್ದರೆ? ಉಪಗ್ರಹ ನನ್ನ ಹೋಲ್ ಲಿಸ್ಟನ್ನು ಮುಂದಿನ ಪಾಸಿನ ತನಕ ನೆನಪಿಟ್ಟುಕೊಳ್ಳಬೇಕಾ?

---

ಸರಸ್ವತಿಪುರಂ ಸೋಲ್ಡರ್, ಮೈಸೂರು
ಶನಿವಾರ ಬೆಳಿಗ್ಗೆ 5:50

ಬೇಡ. ಉಪಗ್ರಹ ಯಾರ ಪಟ್ಟಿಯನ್ನೂ ಪಾಸ್ ಮುಗಿದ ಮೇಲೆ ಇಟ್ಟುಕೊಳ್ಳಬಾರದು. ಮೇಲಿನ ಕಂಪ್ಯೂಟರ್ ಯಾವಾಗ ಬೇಕಾದರೂ ರೀಸೆಟ್ ಆಗಬಹುದು. ಬಾಹ್ಯಾಕಾಶದ ಕಣವೊಂದು ಮೆಮೊರಿಯ ಒಂದು ಬಿಟ್ಟನ್ನು ತಿರುಗಿಸಿದರೆ ಸಾಕು. ನೆನಪಿಡುವ ಕೆಲಸವೆಲ್ಲ ನೆಲದ್ದು. ನಿಮ್ಮ ಅರ್ಧ ಫೈಲ್ ಮತ್ತು ಹೋಲ್ ಲಿಸ್ಟ್ ಎರಡನ್ನೂ ಪ್ರತಿ ಫ್ರೇಮ್ ಬಂದಾಗ ಡಿಸ್ಕ್‌ಗೆ ಬರೆಯಿರಿ, ಕರೆಂಟ್ ಹೋದರೂ ಉಳಿಯಬೇಕು. ಮುಂದಿನ ಪಾಸಿನಲ್ಲಿ ಹೊಸದಾಗಿ ಕೇಳಿ.

ಉಪಗ್ರಹ ನೆನಪಿಡಬೇಕಾದದ್ದು ಒಂದೇ, ಫೈಲ್ ನಂಬರ್. ಒಂದು ಸಲ ಕೊಟ್ಟ ನಂಬರನ್ನು ರೀಸೆಟ್ ಆದಮೇಲೂ ಇನ್ನೊಂದು ಫೈಲಿಗೆ ಕೊಡಬಾರದು. ಕೊಟ್ಟರೆ ನಿಮ್ಮ ಅರ್ಧ ಚಿತ್ರಕ್ಕೆ ಇನ್ಯಾರದೋ ಪತ್ರದ ತುಂಡು ಬಂದು ಸೇರುತ್ತದೆ. ಅದಕ್ಕೇ ಪೂರ್ತಿ ಫೈಲಿಗೂ ಕೊನೆಯಲ್ಲಿ ಒಂದು ಸಿಆರ್‌ಸಿ ಹಾಕಿ, ಬರೀ ಫ್ರೇಮಿನದು ಸಾಲದು.

ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ಹೇಳಿ. ಅವರು ಹೇಳಿದ ಮಾತನ್ನು ನಿಮ್ಮ ರಿಪೋರ್ಟಿನ ಮೊದಲ ಪುಟದಲ್ಲಿ ಹಾಕಿ.

ನನ್ನ ಹತ್ತಿರ ಆ ಕಾಲದ 9600 ಮೋಡೆಮ್ ಬೋರ್ಡ್ ಇನ್ನೂ ಇದೆ, ಕೆಲಸ ಮಾಡುತ್ತದೆ. ನಿಮಗೆ ಉಪಯೋಗವಾದರೆ ತಗೊಂಡು ಹೋಗಿ. ಭಾನುವಾರ ಬೆಳಿಗ್ಗೆ ಮನೆಯಲ್ಲೇ ಇರುತ್ತೇನೆ. ಮೆಸೇಜ್ ಮಾಡಿ, ವಿಳಾಸ ಕಳಿಸುತ್ತೇನೆ. ಬರುವಾಗ ಎರಡು ಲ್ಯಾಪ್‌ಟಾಪೂ ತನ್ನಿ. ಒಂದನ್ನು ತಾರಸಿಯಲ್ಲಿ ಇಟ್ಟು, ಇನ್ನೊಂದನ್ನು ಕೆಳಗೆ ಇಟ್ಟು, ಈ ಸಲ ಕೇಬಲ್ ಇಲ್ಲದೆ ಮಾಡೋಣ.